ಮರಗಳೆಲ್ಲಿ?

ಬೋಧನಾಭ್ಯಾಸದ ಮೊದಲ ಹಂತದಲ್ಲಿ ನಾನು ಮಾಡಿದ ಪಾಠಗಳ ಪೈಕಿ ಹೆಚ್ಚು ಅಂಕ ಬಂದದ್ದು 8ನೇ ತರಗತಿಯ ‘ಸಸ್ಯಗಳು ಮತ್ತು ಪ್ರಾಣಿಗಳ ಸಂರಕ್ಷಣೆ’ ಪಾಠಕ್ಕೆ. ಪೀಠಿಕೆ ಚೆನ್ನಾಗಿತ್ತು, ಕಪ್ಪುಹಲಗೆಯ ಬಳಕೆ ಅಚ್ಚುಕಟ್ಟಾಗಿತ್ತು, ತರಗತಿ ನಿಯಂತ್ರಣ ಉತ್ತಮ ಎಂದು ವೀಕ್ಷಣಾ ಹಾಳೆಯಲ್ಲಿ ಬರೆದಿತ್ತು. ಸಹಪಾಠಿ ವೀಕ್ಷಕಿಯೂ ಒಳ್ಳೆಯದನ್ನೇ ಬರೆದಿದ್ದಳು. ಆದರೆ ಆ ಪಾಠದಲ್ಲಿ ನಾನು ಒಂದು ಮಗುವಿನ ಸರಿಯಾದ ಉತ್ತರವನ್ನು ತಪ್ಪೆಂದು ತೀರ್ಮಾನಿಸಿದ್ದೆ. ಅದು ನನಗೆ ತಿಳಿಯಲು ಒಂದೂವರೆ ತಿಂಗಳು ಮತ್ತು ಸುಮಾರು 20 ಕಿಲೋಮೀಟರ್ ನಡಿಗೆ ಬೇಕಾಯಿತು. ನಮ್ಮ ಪತ್ರಿಕೆಯಲ್ಲಿ ಯಶಸ್ವಿ ಪಾಠಗಳ ಬಗ್ಗೆ ಹಲವರು ಬರೆದಿದ್ದಾರೆ. ನಾನು ಅಂಕ ಸಿಕ್ಕೂ ಕೆಟ್ಟುಹೋದ ಪಾಠದ ಬಗ್ಗೆ ಬರೆಯುತ್ತಿದ್ದೇನೆ.

ನನಗೆ ಹಂಚಿಕೆಯಾದ ಶಾಲೆ ದಾವಣಗೆರೆ ಜಿಲ್ಲೆಯ ಒಂದು ಹಳ್ಳಿಯಲ್ಲಿದೆ. ಭದ್ರಾ ನಾಲೆಯ ಕೊನೆಯ ಭಾಗದ ಊರು. ನಾಲೆಗೆ ನೀರು ಬಿಟ್ಟರೆ ಭತ್ತ, ಬಿಡದಿದ್ದರೆ ಚಿಂತೆ. ಊರಿನ ಹಿಂದೆ ಒಂದು ಕಲ್ಲುಗುಡ್ಡ ಇದೆ. ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ನಾನು ಪಾಠದ ಕೊನೆಗೆ ‘ಬೋಳು ಗುಡ್ಡಗಳನ್ನು ಹಸಿರು ಮಾಡೋಣ’ ಎಂಬ ಘೋಷವಾಕ್ಯ ಸಿದ್ಧಪಡಿಸಿಕೊಂಡಿದ್ದೆ.

ಪೂರ್ವಜ್ಞಾನ ಪರೀಕ್ಷೆಗೆ ಮಕ್ಕಳಿಗೆ ಐದು ನಿಮಿಷ ಕೊಟ್ಟು ‘ನಿಮಗೆ ಗೊತ್ತಿರುವ ಒಂದು ಕಾಡಿನ ಚಿತ್ರ ಬರೆಯಿರಿ’ ಎಂದೆ. ಹೆಚ್ಚಿನವರು ಬರೆದದ್ದು ನಾವೆಲ್ಲ ಬರೆಯುವ ಕಾಡನ್ನೇ: ಒತ್ತೊತ್ತಾಗಿ ನಿಂತ ಮರಗಳು, ಮಧ್ಯೆ ಒಂದು ಹುಲಿ, ಮೂಲೆಯಲ್ಲಿ ಸೂರ್ಯ. ಮೂರನೆಯ ಬೆಂಚಿನ ಹುಡುಗಿಯೊಬ್ಬಳು ಮಾತ್ರ ಪುಟದ ತುಂಬ ಉಬ್ಬು ಉಬ್ಬಾದ ಗುಡ್ಡಗಳನ್ನು ಬರೆದು ಎಲ್ಲಕ್ಕೂ ತೆಳು ಹಸಿರು ಹಚ್ಚಿದ್ದಳು. ಎರಡು ಗುಡ್ಡ ಸೇರುವ ಸಂದಿಗಳಲ್ಲಿ ಮಾತ್ರ ಕಡು ಹಸಿರಿನ ಗೀಟುಗಳು. ಒಂದು ಗುಡ್ಡದ ಇಳಿಜಾರಿನಲ್ಲಿ ಒಂದೇ ಒಂದು ಮರ.

‘ಇದರಲ್ಲಿ ಕಾಡೆಲ್ಲಿದೆ?’ ಎಂದು ಕೇಳಿದೆ.

‘ಇದೇ ಮಿಸ್. ನಮ್ಮಜ್ಜಿ ಊರಾಗ ಕಾಡು ಹಿಂಗಾ ಇರೋದು.’

ನನಗೆ ಅದು ಕೈಗೆ ಸಿಕ್ಕ ಬೋಧನೋಪಕರಣದಂತೆ ಕಂಡಿತು. ಪುಸ್ತಕ ಎತ್ತಿ ಇಡೀ ತರಗತಿಗೆ ತೋರಿಸಿದೆ. ‘ನೋಡಿ ಮಕ್ಕಳೇ, ಇದು ಅರಣ್ಯನಾಶ ಆದ ಮೇಲಿನ ಚಿತ್ರ. ಮೊದಲು ಇಲ್ಲೆಲ್ಲ ಮರಗಳಿದ್ದವು. ಕಡಿದು ಕಡಿದು ಈಗ ಒಂದೇ ಮರ ಉಳಿದಿದೆ.’ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ‘ಅವರಜ್ಜೀನೇ ಕಡಿದಿರಬೇಕು ಮಿಸ್’ ಎಂದ. ತರಗತಿ ನಕ್ಕಿತು. ನಾನೂ ಮುಗುಳ್ನಕ್ಕೆ. ಸಂಜೆ ಪುಸ್ತಕ ತಿದ್ದುವಾಗ ಆ ಚಿತ್ರದ ಕೆಳಗೆ ಕೆಂಪು ಶಾಯಿಯಲ್ಲಿ ‘ಮರಗಳೆಲ್ಲಿ?’ ಎಂದು ಬರೆದು 5ಕ್ಕೆ 2 ಅಂಕ ಹಾಕಿದೆ. ಅಜ್ಜಿಯ ಊರು ಯಾವುದೆಂದು ಕೇಳಲಿಲ್ಲ. ಆ ಹಂತದ ಉಳಿದ ದಿನಗಳಲ್ಲಿ ಆ ಹುಡುಗಿ ಒಮ್ಮೆಯೂ ಕೈ ಎತ್ತಲಿಲ್ಲ. ಅದನ್ನೂ ನಾನು ಆಗ ಗಮನಿಸಲಿಲ್ಲ. ಈಗ ನೆನಪಿಸಿಕೊಂಡರೆ ಗೊತ್ತಾಗುತ್ತದೆ.

ದಸರಾ ರಜೆಯಲ್ಲಿ ನಮ್ಮ ಬೋಧನಾಭ್ಯಾಸ ತಂಡದ ಆರು ಜನ ಕುದುರೆಮುಖಕ್ಕೆ ಹೊರಟೆವು. ಪಾಠಕ್ಕೂ ಪ್ರವಾಸಕ್ಕೂ ಸಂಬಂಧವಿರಲಿಲ್ಲ. ಪಾಠಪುಸ್ತಕದಲ್ಲಿ ಜೀವಗೋಳ ಮೀಸಲಿಗೆ ಮಧ್ಯಪ್ರದೇಶದ ಪಚ್‌ಮಡಿಯ ಉದಾಹರಣೆ ಇದೆ. ನಮ್ಮದೇ ರಾಜ್ಯದ ಒಂದು ರಾಷ್ಟ್ರೀಯ ಉದ್ಯಾನವನ್ನಾದರೂ ಕಾಲಿಟ್ಟು ನೋಡೋಣ ಎಂಬ ಆಸೆ, ಹುಲಿ ಕಂಡರೆ ಇನ್ನೂ ಒಳ್ಳೆಯದು ಎಂಬ ದುರಾಸೆ, ಇಷ್ಟೇ. ಬಾಳೆಹೊನ್ನೂರಿನಲ್ಲಿ ಭದ್ರಾ ನದಿ ಕಂಡಿತು. ಕಳಸದಲ್ಲೂ ಅದೇ ಭದ್ರಾ. ನಾವು ಹೊಳೆಯ ಎದುರು ದಿಕ್ಕಿನಲ್ಲಿ ಪ್ರಯಾಣಿಸುತ್ತಿದ್ದೇವೆ ಎಂದು ಗೆಳತಿಯೊಬ್ಬಳು ಹೇಳಿದಾಗ ಎಲ್ಲರೂ ಹೂಂ ಎಂದೆವು, ಅಷ್ಟೇ.

ಕುದುರೆಮುಖ ರಾಷ್ಟ್ರೀಯ ಉದ್ಯಾನ ಘೋಷಣೆಯಾದದ್ದು 1987ರಲ್ಲಿ. ಸುಮಾರು 600 ಚದರ ಕಿಲೋಮೀಟರ್ ವಿಸ್ತೀರ್ಣ; ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿ ಹರಡಿದೆ. ಒಂದು ಕಡೆಯಿಂದ ಕುದುರೆಯ ಮುಖದಂತೆ ಕಾಣುವ ಶಿಖರದ ಎತ್ತರ 1,890 ಮೀಟರಿನ ಆಸುಪಾಸು. ಚಾರಣಕ್ಕೆ ಅರಣ್ಯ ಇಲಾಖೆಯಿಂದ ಮೊದಲೇ ಅನುಮತಿ ಪಡೆಯಬೇಕು. ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇದೆ. ಮೇಲೆ ತಂಗುವಂತಿಲ್ಲ, ಸಂಜೆಯೊಳಗೆ ಕೆಳಗಿಳಿಯಬೇಕು. ಸಂಸೆಯಿಂದ ಮುಳ್ಳೋಡಿಯವರೆಗೆ ಜೀಪು. ಆ ದಾರಿಯಲ್ಲಿ ಕೂತು ಹೋಗುವುದಕ್ಕಿಂತ ನಡೆಯುವುದೇ ಸುಖ ಎನ್ನಿಸಿತು. ಮುಳ್ಳೋಡಿಯಲ್ಲಿ ಚೀಲ ತಪಾಸಣೆಯಾಯಿತು. ಅಲ್ಲಿಯವರೇ ಆದ, ಐವತ್ತರ ಆಸುಪಾಸಿನ ಒಬ್ಬರು ಮಾರ್ಗದರ್ಶಿಯಾಗಿ ಜೊತೆಗೆ ಬಂದರು.

ಮೊದಲ ಅರ್ಧ ಗಂಟೆ ಕಾಡು, ತೊರೆ, ಇಂಬಳ. ಆರು ಜನರಲ್ಲಿ ಐವರು ಜೀವಶಾಸ್ತ್ರ ಓದಿದವರಾದರೂ ಇಂಬಳಕ್ಕೆ ಎಲ್ಲರೂ ಒಂದೇ ದನಿಯಲ್ಲಿ ಕಿರುಚಿದೆವು. ಆಮೇಲೆ ಮರಗಳು ಥಟ್ಟನೆ ಮುಗಿದವು. ಕತ್ತರಿಯಿಂದ ಕತ್ತರಿಸಿದಂತೆ ಕಾಡಿನ ಅಂಚು, ಅಲ್ಲಿಂದ ಮುಂದೆ ಮೊಣಕಾಲೆತ್ತರದ ಹುಲ್ಲು. ಕಣ್ಣು ಹರಿದಷ್ಟು ದೂರ ಗುಡ್ಡದ ಮೇಲೆ ಗುಡ್ಡ, ಎಲ್ಲವೂ ತೆಳು ಹಸಿರು.

ಸ್ವಲ್ಪ ದೂರ ನಡೆದ ಮೇಲೆ ಇಳಿಜಾರಿನಲ್ಲಿ ಒಂದೇ ಒಂದು ಮರ ಎದುರಾಯಿತು. ‘ಇದು ಒಂಟಿಮರ. ಇಲ್ಲಿ ಸ್ವಲ್ಪ ಕೂತ್ಕೊಳ್ಳಿ’ ಎಂದರು ಮಾರ್ಗದರ್ಶಿ. ಚಾರಣಿಗರೆಲ್ಲ ದಣಿವಾರಿಸಿಕೊಳ್ಳುವ ಜಾಗವಂತೆ. ನೀರಿನ ಬಾಟಲಿ ತೆಗೆದು ಕೂತು ಎದುರಿನ ಗುಡ್ಡಗಳನ್ನು ನೋಡಿದೆ. ಗುಡ್ಡದ ಹೆಗಲಿಗೆಲ್ಲ ಹುಲ್ಲು. ಎರಡು ಗುಡ್ಡ ಸೇರುವ ಸಂದಿಗಳಲ್ಲಿ ಮಾತ್ರ ಕಡು ಹಸಿರು ಕಾಡು. ಈ ಚಿತ್ರವನ್ನು ನಾನು ಮೊದಲೇ ನೋಡಿದ್ದೆ. ಅದರ ಕೆಳಗೆ ಕೆಂಪು ಶಾಯಿಯಲ್ಲಿ ಬರೆದೂ ಇದ್ದೆ.

ಆಗಲೂ ನಾನು ಸುಲಭಕ್ಕೆ ಸೋಲಲಿಲ್ಲ. ನಾನು ತರಗತಿಯಲ್ಲಿ ಹೇಳಿದ್ದೇ ಸರಿ, ಇದು ಕಡಿದ ಕಾಡೇ ಇರಬೇಕು ಎಂಬ ಆಸೆ ಒಳಗಿತ್ತು. ‘ಇಲ್ಲಿ ಕಾಡು ಯಾವಾಗ ಕಡಿದರು?’ ಎಂದು ಮಾರ್ಗದರ್ಶಿಯನ್ನು ಕೇಳಿದೆ.

‘ಯಾವ ಕಾಡು?’

‘ಇಲ್ಲಿದ್ದ ಕಾಡು. ಈ ಗುಡ್ಡದ ಮೇಲೆ.’

ಅವರಿಗೆ ಪ್ರಶ್ನೆ ಅರ್ಥವಾಗಲಿಲ್ಲ. ‘ಗುಡ್ಡದ ಮೇಲೆ ಹುಲ್ಲೇ ಇರೋದಲ್ವಾ? ನಮ್ಮ ಅಜ್ಜನ ಕಾಲಕ್ಕೂ ಹೀಗೇ ಇತ್ತು’ ಎಂದು ಎದ್ದು ಮುಂದೆ ನಡೆದರು.

ಅಲ್ಲಿಂದ ಮುಂದೆ ನಾನು ಹುಲಿ ಹುಡುಕುವುದನ್ನು ಬಿಟ್ಟು ಅಂಚುಗಳನ್ನು ನೋಡತೊಡಗಿದೆ. ದಾರಿ ಗುಡ್ಡದ ಹೆಗಲನ್ನು ಸುತ್ತಿ ಸಂದಿಗೆ ಇಳಿಯುತ್ತದೆ, ಕಾಡು ಹೊಗುತ್ತದೆ, ತೊರೆ ದಾಟುತ್ತದೆ, ಮತ್ತೆ ಹುಲ್ಲಿಗೆ ಏರುತ್ತದೆ. ಇದೇ ಕ್ರಮ ಮತ್ತೆ ಮತ್ತೆ. ಶೋಲಾ ಎಂದು ಕರೆಯುವ ಈ ಸಂದಿಯ ಕಾಡಿನೊಳಗೆ ಕಾಲಿಟ್ಟರೆ ತಂಪು, ಮಬ್ಬು. ಮರಗಳು ಕುಳ್ಳಗೆ, ತಲೆಗೆ ತಲೆ ತಾಗಿಸಿ ನಿಂತಿವೆ. ಎಲೆಗಳು ಸಣ್ಣವು, ದಪ್ಪನೆಯವು. ಕೊಂಬೆಗಳಿಗೆಲ್ಲ ಪಾಚಿಯ ಹೊದಿಕೆ, ಅದರ ಮೇಲೆ ಆರ್ಕಿಡ್. ನೆಲದಲ್ಲಿ ಕೊಳೆತ ಎಲೆಯ ಪದರ ಕಾಲಿಟ್ಟರೆ ಮೆತ್ತಗೆ ಕುಸಿಯುತ್ತದೆ. ಹೊರಗೆ ಹುಲ್ಲಿನಲ್ಲಿ ಹಾಗಲ್ಲ. ಅಲ್ಲಿ ಗಾಳಿ ನಮ್ಮನ್ನೇ ತಳ್ಳುತ್ತಿತ್ತು. ಬೇರಿನ ಕೆಳಗೆ ಸ್ವಲ್ಪ ಕೆರೆದರೆ ಕಲ್ಲು. ಒಂದು ಜಿನುಗಿನ ಪಕ್ಕ ತೇವದ ನೆಲದಲ್ಲಿ ಪುಟ್ಟ ಡ್ರೊಸೆರಾ ಗಿಡಗಳು ಕಂಡವು. ಅಂಟು ಹನಿಗಳಿಂದ ಕೀಟ ಹಿಡಿಯುವ ಈ ಸಸ್ಯವನ್ನು ಪದವಿಯಲ್ಲಿ ಸ್ಪಿರಿಟ್ ತುಂಬಿದ ಬಾಟಲಿಯಲ್ಲಿ ನೋಡಿದ್ದೆವು. ಸಾರಜನಕ ಕಡಿಮೆ ಇರುವ ಮಣ್ಣಿನಲ್ಲಿ ಅದು ಬೆಳೆಯುತ್ತದೆ ಎಂದು ಪರೀಕ್ಷೆಯಲ್ಲಿ ಬರೆದಿದ್ದೆವು. ಅಂಥ ಮಣ್ಣಿನ ಮೇಲೆ ಆಗ ನಾವೇ ಕೂತಿದ್ದೆವು.

ಕಣಿವೆಯ ಆಚೆ ಬದಿಯ ಹುಲ್ಲಿನಲ್ಲಿ ಏಳೆಂಟು ಕಪ್ಪು ಚುಕ್ಕೆ. ಕಾಟಿಗಳ ಹಿಂಡು. ನಾವು ನೋಡುತ್ತಿದ್ದಂತೆ ಒಂದೊಂದಾಗಿ ಶೋಲಾದೊಳಗೆ ಸರಿದವು. ‘ಕಡವೆಯೂ ಹೀಗೇ. ಬೆಳಿಗ್ಗೆ ಸಂಜೆ ಹುಲ್ಲಿಗೆ ಬರ್ತದೆ, ಬಿಸಿಲೇರಿದ್ರೆ ಒಳಗೆ ಹೋಗ್ತದೆ’ ಎಂದರು ಮಾರ್ಗದರ್ಶಿ. ಈ ಉದ್ಯಾನ ಹೆಸರಾಗಿರುವುದು ಸಿಂಗಳೀಕಕ್ಕೆ. ಪಶ್ಚಿಮ ಘಟ್ಟಗಳಲ್ಲಿ ಮಾತ್ರ ಇರುವ, ಮರದ ಮೇಲೇ ಬದುಕುವ ಕೋತಿ ಅದು. ಅದಕ್ಕೆ ಬೇಕಾದ ಎತ್ತರದ ನಿತ್ಯಹರಿದ್ವರ್ಣ ಕಾಡು ಕೆಳಗಿನ ಕಣಿವೆಗಳಲ್ಲಿದೆ, ನಮಗೆ ಕಾಣಲಿಲ್ಲ. ಹುಲಿಯೂ ಕಾಣಲಿಲ್ಲ. ಶಿಖರದಲ್ಲಿ ಮೋಡ ಬಿಟ್ಟು ಬೇರೇನೂ ಕಾಣಲಿಲ್ಲ. ಆದರೂ ನಮ್ಮಲ್ಲಿ ಯಾರೂ ನಿರಾಶರಾಗಲಿಲ್ಲ.

ಇಳಿಯುವಾಗ ದಾರಿಗೆ ಅಡ್ಡ ಬಂದ ತೊರೆಗಳನ್ನು ಎಣಿಸಿದೆವು. ಎಣಿಕೆಯಲ್ಲಿ ನಮ್ಮೊಳಗೆ ಒಮ್ಮತ ಬರಲಿಲ್ಲ. ಆದರೆ ಒಂದು ಮಾತಿಗೆ ಎಲ್ಲರೂ ಒಪ್ಪಿದೆವು: ನಾವು ದಾಟಿದ ದೊಡ್ಡ ತೊರೆಗಳೆಲ್ಲ ಒಂದೊಂದು ಶೋಲಾದೊಳಗಿಂದ ಹೊರಬಂದವು. ವರ್ಷಕ್ಕೆ ಆರೇಳು ಸಾವಿರ ಮಿಲಿಮೀಟರ್ ಮಳೆ ಸುರಿಯುವ ನಾಡು ಇದು. ಆ ಮಳೆಯ ಹೊಡೆತವನ್ನು ಹುಲ್ಲು ತಾಳಿಕೊಳ್ಳುತ್ತದೆ, ಮಣ್ಣನ್ನು ಹಿಡಿಯುತ್ತದೆ. ಸಂದಿಯ ಕಾಡು ನೀರನ್ನು ನಿಧಾನವಾಗಿ ಬಿಟ್ಟುಕೊಡುತ್ತದೆ. ಮರುದಿನ ಕುದುರೆಮುಖದ ಘಟ್ಟದ ರಸ್ತೆಯಲ್ಲಿ ಹೋದಾಗ ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವ ಗಂಗಾಮೂಲ ಇದೇ ಉದ್ಯಾನದೊಳಗೆ ಇದೆ ಎಂಬ ಫಲಕ ನೋಡಿದೆ. ಅಂದರೆ ನನ್ನ ಬೋಧನಾಭ್ಯಾಸದ ಶಾಲೆಯ ಮಕ್ಕಳ ಗದ್ದೆಗೆ ಬರುವ ನೀರು ಹೊರಡುವುದು ನಾನು ‘ಬೋಳು’ ಎಂದ ಗುಡ್ಡಗಳಿಂದ.

ಅದೇ ರಸ್ತೆಯಲ್ಲಿ ಕುದುರೆಮುಖ ಪಟ್ಟಣವೂ ಸಿಗುತ್ತದೆ. ಬೀಗ ಹಾಕಿದ ವಸತಿಗೃಹಗಳ ಸಾಲು. ಇಲ್ಲಿನ ಗುಡ್ಡಗಳಲ್ಲಿ ದಶಕಗಳ ಕಾಲ ಕಬ್ಬಿಣದ ಅದಿರಿನ ಗಣಿಗಾರಿಕೆ ನಡೆದು, ಸುಪ್ರೀಂ ಕೋರ್ಟಿನ ತೀರ್ಪಿನಂತೆ 2005ರ ಕೊನೆಗೆ ನಿಂತಿತು. ಬಿ.ಎಸ್ಸಿ. ಓದುವಾಗ ಇದನ್ನು ಪರಿಸರ ಅಧ್ಯಯನದ ಟಿಪ್ಪಣಿಯಲ್ಲಿ ಎರಡು ಸಾಲಾಗಿ ಬರೆದುಕೊಂಡಿದ್ದೆ.

ಊರಿಗೆ ಬಂದ ಮೇಲೆ ಗ್ರಂಥಾಲಯದಲ್ಲಿ ಕೂತೆ. ಮಾರ್ಗದರ್ಶಿಯ ಅಜ್ಜನ ಕಾಲ ಎಂದರೆ ಹೆಚ್ಚೆಂದರೆ ನೂರು ವರ್ಷ. ವಿಜ್ಞಾನದ ವಿದ್ಯಾರ್ಥಿನಿಗೆ ಅಷ್ಟು ಪುರಾವೆ ಸಾಲದು. ಘಟ್ಟದ ನೆತ್ತಿಯ ಹುಲ್ಲು ಸಹಜವೋ ಕಾಡು ಕಡಿದುದರ ಫಲವೋ ಎಂಬ ಚರ್ಚೆ ವಿಜ್ಞಾನಿಗಳ ನಡುವೆ ಬಹಳ ಕಾಲ ನಡೆದಿದೆ ಎಂದು ತಿಳಿಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಸಿಕ್ಕಿತು. ಅದು ನೀಲಗಿರಿಯ ಜವುಗು ನೆಲದ ಪೀಟ್ ಮಣ್ಣಿನದು. ಉಷ್ಣವಲಯದ ಹೆಚ್ಚಿನ ಹುಲ್ಲುಗಳು ಸಿ4 ವಿಧಾನದಲ್ಲಿ, ಮರಗಳು ಸಿ3 ವಿಧಾನದಲ್ಲಿ ಆಹಾರ ತಯಾರಿಸುತ್ತವೆ ಎಂದು ನಾವೆಲ್ಲ ಓದಿದ್ದೇವೆ. ಈ ಎರಡರಲ್ಲೂ ಇಂಗಾಲದ ಐಸೋಟೋಪುಗಳ ಪ್ರಮಾಣ ಬೇರೆ ಬೇರೆ. ಆದ್ದರಿಂದ ಪೀಟ್‌ನ ಪದರ ಪದರವನ್ನು ಪರೀಕ್ಷಿಸಿದರೆ ಯಾವ ಕಾಲದಲ್ಲಿ ಹುಲ್ಲು ಹೆಚ್ಚಿತ್ತು, ಯಾವಾಗ ಮರ ಹೆಚ್ಚಿತ್ತು ಎಂದು ಹೇಳಬಹುದು. ಸುಮಾರು 20,000 ವರ್ಷಗಳ ಉದ್ದಕ್ಕೂ, ಹವೆ ಒಣಗಿದಾಗ ಹುಲ್ಲು ಹಿಗ್ಗಿದೆ, ತೇವ ಹೆಚ್ಚಿದಾಗ ಕಾಡು ಹಿಗ್ಗಿದೆ. ಕೊಡಲಿ ಬರುವ ಎಷ್ಟೋ ಮೊದಲೇ ಅಲ್ಲಿ ಹುಲ್ಲಿತ್ತು. ಘಟ್ಟದ ಎಲ್ಲ ಹುಲ್ಲುಗಾವಲಿಗೂ ಇದೇ ಮಾತು ಅನ್ವಯಿಸುತ್ತದೆ ಎನ್ನಲಾಗದು. ತಗ್ಗಿನ ಕೆಲವು ಕಡೆ ಬೆಂಕಿ, ಮೇಯಿಸುವಿಕೆಗಳ ಪಾಲೂ ಇದೆ. ಆದರೆ ‘ಹುಲ್ಲು ಕಂಡಲ್ಲೆಲ್ಲ ಮೊದಲು ಮರವಿತ್ತು’ ಎಂಬ ನನ್ನ ವಾಕ್ಯ ಖಂಡಿತ ತಪ್ಪು.

ಈ ತಪ್ಪು ನನ್ನೊಬ್ಬಳದೇ ಅಲ್ಲ ಎಂಬುದು ಸಮಾಧಾನ ಕೊಡಲಿಲ್ಲ, ಹೆದರಿಕೆ ತಂದಿತು. ನೀಲಗಿರಿಯ ಹುಲ್ಲುಗಾವಲನ್ನು ಪಾಳು ಭೂಮಿ ಎಂದು ಎಣಿಸಿ ಬ್ರಿಟಿಷರ ಕಾಲದಿಂದ ಅಲ್ಲಿ ಆಸ್ಟ್ರೇಲಿಯಾದ ವ್ಯಾಟಲ್ ಮತ್ತು ನೀಲಗಿರಿ ಮರಗಳನ್ನು ನೆಟ್ಟರು. ವ್ಯಾಟಲ್ ಈಗ ಹುಲ್ಲನ್ನು ನುಂಗುತ್ತ ಹಬ್ಬುತ್ತಿದೆ. ನಮಗೆ ಹತ್ತಿರದ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದಲ್ಲೂ ಬಹುಭಾಗ ನೀಲಗಿರಿ ನೆಡುತೋಪು. ಕೃಷ್ಣಮೃಗವೋ ಬಯಲಿನ ಪ್ರಾಣಿ. ‘ಬೋಳು ಗುಡ್ಡ ಹಸಿರು ಮಾಡೋಣ’ ಎಂಬ ನನ್ನ ಘೋಷವಾಕ್ಯವನ್ನು 42 ಮಕ್ಕಳು ಮೂರು ಬಾರಿ ಗಟ್ಟಿಯಾಗಿ ಹೇಳಿದ್ದರು.

ಎರಡನೆಯ ಹಂತದ ಬೋಧನಾಭ್ಯಾಸ ನವೆಂಬರಿನಲ್ಲಿ ಅದೇ ಶಾಲೆಯಲ್ಲಿತ್ತು. ವಿಜ್ಞಾನದ ಶಿಕ್ಷಕಿಯವರಿಗೆ ನಡೆದದ್ದನ್ನು ಹೇಳಿ 8ನೇ ತರಗತಿಯ ಒಂದು ಅವಧಿ ಕೇಳಿ ಪಡೆದೆ. ಪಾಠ ಆರಂಭಿಸುವ ಮೊದಲು, ‘ಆಗಸ್ಟಿನಲ್ಲಿ ನಾನು ಈ ತರಗತಿಯಲ್ಲಿ ಒಂದು ತಪ್ಪು ಹೇಳಿದ್ದೆ. ಒಬ್ಬರು ಸರಿಯಾದ ಚಿತ್ರ ಬರೆದಿದ್ದರು. ನಾನು ಅದನ್ನು ಎಲ್ಲರೆದುರು ತಪ್ಪು ಅಂದೆ. ಅವರು ಸರಿ, ನಾನು ತಪ್ಪು’ ಎಂದೆ. ಇಷ್ಟು ಹೇಳಲು ಹಿಂದಿನ ದಿನ ಕೋಣೆಯಲ್ಲಿ ಅಭ್ಯಾಸ ಮಾಡಿಕೊಂಡಿದ್ದೆ. ಆದರೂ ದನಿ ಸರಿ ಬರಲಿಲ್ಲ. ತರಗತಿಯಲ್ಲಿ ಸದ್ದಿರಲಿಲ್ಲ. ಹುಡುಗಿ ತಲೆ ತಗ್ಗಿಸಿ ಡೆಸ್ಕ್ ನೋಡುತ್ತಿದ್ದಳು. ನಾನು ಅವಳನ್ನು ಮತ್ತೊಮ್ಮೆ ಎಲ್ಲರೆದುರು ನಿಲ್ಲಿಸುತ್ತಿದ್ದೇನೇನೋ ಎಂದು ಆಗ ಅನ್ನಿಸಿ ಬೇಗ ಮುಂದೆ ಹೋದೆ.

ಎರಡು ತಟ್ಟೆಗಳಲ್ಲಿ ಮಣ್ಣು ಇಟ್ಟುಕೊಂಡಿದ್ದೆ. ಒಂದು ಬರಿಯ ಮಣ್ಣು, ಇನ್ನೊಂದು ಶಾಲೆಯ ಮೈದಾನದಿಂದ ಬೇರುಸಹಿತ ಎತ್ತಿದ ಹುಲ್ಲಿನ ಹೆಂಟೆ. ಎರಡನ್ನೂ ಓರೆಯಾಗಿಟ್ಟು ಒಂದೊಂದು ಲೀಟರ್ ನೀರನ್ನು ಹೂಜಿಯಿಂದ ಸುರಿದೆವು. ಹರಿದ ನೀರನ್ನು ಮಕ್ಕಳೇ ಎರಡು ಬಾಟಲಿಗಳಲ್ಲಿ ಹಿಡಿದರು. ಬಣ್ಣದ ವ್ಯತ್ಯಾಸ ಹಿಂದಿನ ಬೆಂಚಿಗೂ ಕಂಡಿತು. ನಂತರ ಹಲಗೆಯ ಮೇಲೆ ಗಂಗಾಮೂಲದಿಂದ ಕಳಸ, ಬಾಳೆಹೊನ್ನೂರು, ಲಕ್ಕವಳ್ಳಿಯ ಅಣೆಕಟ್ಟು, ಬಲದಂಡೆ ನಾಲೆ, ಕೊನೆಗೆ ಅವರ ಊರಿನ ತೂಬಿನವರೆಗೆ ಒಂದು ಗೆರೆ ಎಳೆದೆ. ನಾಲೆಯ ಹಿಂದೆ ಹೊಳೆ, ಹೊಳೆಯ ಹಿಂದೆ ಹುಲ್ಲಿನ ಗುಡ್ಡ ಇದೆ ಎಂಬುದು ಅವರಿಗೂ ಹೊಸದು, ನನಗೂ ಹೊಸದು.

ಆಗ ಹಿಂದಿನ ಬೆಂಚಿನ ಅದೇ ಹುಡುಗ ಎದ್ದು, ‘ಹಂಗಾರೆ ನಮ್ಮೂರ ಗುಡ್ಡಕ್ಕೆ ಗಿಡ ನೆಡಬೇಕೋ ಬ್ಯಾಡೋ ಮಿಸ್?’ ಎಂದ. ಪಾಠಯೋಜನೆಯಲ್ಲಿ ಇದಕ್ಕೆ ಉತ್ತರ ಬರೆದುಕೊಂಡಿರಲಿಲ್ಲ. ‘ನನಗೆ ಗೊತ್ತಿಲ್ಲ. ಆ ಗುಡ್ಡದ ಮೇಲೆ ಮೊದಲು ಏನಿತ್ತು, ಈಗ ಏನೇನು ಬದುಕಿದೆ ಅಂತ ಮೊದಲು ತಿಳ್ಕೊಳ್ಳೋಣ’ ಎಂದೆ. ಮನೆಯ ಹಿರಿಯರನ್ನು ಕೇಳಿ ಬರೆದು ತರುವುದು ಮನೆಗೆಲಸವಾಯಿತು. ಕುರಿ ಮೇಯಿಸುವವರ ಮನೆಯ ಇಬ್ಬರು ಮಕ್ಕಳು ನಾಲ್ಕು ಬಗೆಯ ಹುಲ್ಲಿನ ಹೆಸರು ಬರೆದು ತಂದರು. ಅವುಗಳಲ್ಲಿ ಒಂದೂ ನನಗೆ ಗೊತ್ತಿರಲಿಲ್ಲ.

ಅವಧಿ ಮುಗಿದ ಮೇಲೆ ಹುಡುಗಿಯನ್ನು ವರಾಂಡದಲ್ಲಿ ಕಂಡೆ. ಅಂಕ ತಿದ್ದುತ್ತೇನೆ, ಪುಸ್ತಕ ಕೊಡು ಎಂದೆ. ಆ ಪುಟ ಹರಿದು ಹಾಕಿದ್ದಾಗಿ ಹೇಳಿದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, ಆಗಸ್ಟಿನಲ್ಲೇ ಕೇಳಬೇಕಿದ್ದನ್ನು ಆಗ ಕೇಳಿದೆ. ಅಜ್ಜಿಯ ಊರು ಕಳಸದ ಆಚೆಯಂತೆ. ನನಗೆ ಉತ್ಸಾಹ ಬಂದು, ‘ಹಾಗಾದ್ರೆ ನೀನು ಬರೆದಿದ್ದ ಆ ಒಂಟಿಮರವನ್ನ ನಾನು ನೋಡಿ ಬಂದೆ’ ಎಂದು ಮೊಬೈಲಿನಲ್ಲಿದ್ದ ಚಿತ್ರ ತೋರಿಸಿದೆ. ಅವಳು ಬಗ್ಗಿ ನೋಡಿ, ‘ಇದಲ್ಲ ಮಿಸ್. ನಮ್ಮಜ್ಜಿ ಮನೆ ಹಿಂದಿನ ಗುಡ್ಡದ್ದು ಬೇರೆ ಮರ’ ಎಂದಳು. ಆಮೇಲೆ ಆ ಮರ ಹೇಗಿದೆ, ಅದರ ಕೆಳಗೆ ಯಾರು ಕೂರುತ್ತಾರೆ ಎಂದು ಗಂಟೆ ಹೊಡೆಯುವವರೆಗೂ ಹೇಳಿದಳು. ನಾನು ಕೇಳಿಸಿಕೊಂಡೆ.

ಈಗ ನನ್ನ ಪಾಠಯೋಜನೆಯ ಪುಸ್ತಕದಲ್ಲಿ ‘ಪೂರ್ವಜ್ಞಾನ’ ಎಂಬ ಅಂಕಣದ ಪಕ್ಕದಲ್ಲಿ ಸ್ಕೇಲಿನಿಂದ ಇನ್ನೊಂದು ಗೆರೆ ಎಳೆದುಕೊಂಡಿದ್ದೇನೆ. ನಾನು ನಿರೀಕ್ಷಿಸದ ಉತ್ತರ ಬಂದರೆ ಅದನ್ನು ಮಗು ಹೇಳಿದ ಮಾತಿನಲ್ಲೇ ಅಲ್ಲಿ ಬರೆದುಕೊಳ್ಳುತ್ತೇನೆ. ‘ಎಲ್ಲಿ ನೋಡಿದೆ?’ ಎಂದು ಕೇಳಿ ಅದನ್ನೂ ಬರೆಯುತ್ತೇನೆ. ಕೆಂಪು ಶಾಯಿ ಅದಾದ ಮೇಲೆ. ಹೆಚ್ಚಿನ ಸಲ ಮಗುವಿನ ಉತ್ತರ ತಪ್ಪೇ ಆಗಿರುತ್ತದೆ, ತಿದ್ದಬೇಕಾಗುತ್ತದೆ. ಆದರೆ ಈ ಎರಡು ತಿಂಗಳಲ್ಲಿ ಎರಡು ಸಲ ತಿದ್ದಿಕೊಳ್ಳಬೇಕಾದವಳು ನಾನೇ ಆಗಿದ್ದೆ.